ಗುಟ್ಟು ಇರುವುದು ಹದದಲ್ಲಿ: ಕಂಪ್ಯೂಟರ್ ಜೋಡಣೆಯನ್ನು ತಯಾರಕರು ಮುಚ್ಚಿಡುವುದೇಕೆ?

ಲ್ಯಾಪ್‌ಟಾಪ್ ಒಂದರ ಕೆಳಮುಚ್ಚಳ ಬಿಚ್ಚಿದರೆ ಪ್ರೊಸೆಸರ್ ಮೇಲೆ ಕೂತ ಹೀಟ್‌ಸಿಂಕ್, ಅಂದರೆ ಅದರ ಶಾಖ ಹೀರುವ ಲೋಹದ ತುಂಡು, ಕಾಣುತ್ತದೆ. ಅದರ ಸ್ಕ್ರೂಗಳ ಪಕ್ಕದಲ್ಲಿ ಸಾಮಾನ್ಯವಾಗಿ 1, 2, 3, 4 ಎಂದು ಸಣ್ಣದಾಗಿ ಅಚ್ಚೊತ್ತಿರುತ್ತದೆ. ಯಾವ ಸ್ಕ್ರೂ ಮೊದಲು ಬಿಗಿಯಬೇಕು, ಯಾವುದು ಆಮೇಲೆ ಎಂಬ ಸೂಚನೆ ಅದು. ಅಂಕಿಗಳು ಸುತ್ತು ಹಾಕಿಕೊಂಡು ಹೋಗುವುದಿಲ್ಲ, ಒಂದು ಮೂಲೆಯಿಂದ ಎದುರು ಮೂಲೆಗೆ ಜಿಗಿಯುತ್ತವೆ. ಒಂದೇ ಬದಿಯನ್ನು ಪೂರ್ತಿ ಬಿಗಿದುಬಿಟ್ಟರೆ ಹೀಟ್‌ಸಿಂಕ್ ವಾಲಿ ಚಿಪ್‌ನ ಸಿಲಿಕಾನ್ ಅಂಚಿನಲ್ಲಿ ಚಕ್ಕೆ ಏಳಬಹುದು. ಚಕ್ಕೆ ಏಳದಿದ್ದರೂ, ಚಿಪ್‌ನ ಶಾಖವನ್ನು ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾಗಿ ಚಿಪ್ ಬೇಗ ಕಾಯುತ್ತದೆ. ಸ್ವಲ್ಪ ಆಚೆ ಮದರ್‌ಬೋರ್ಡ್ ಮೇಲೆ ‘ಎಲ್‌ಎ-’ ಅಥವಾ ‘ಡಿಎ0’ ಎಂದು ಶುರುವಾಗುವ ಸಂಖ್ಯೆ ಸಿಕ್ಕರೆ, ಮೊದಲನೆಯದು ಕಾಂಪಾಲ್ ಕಂಪನಿಯ ಬೋರ್ಡ್‌ನ ಗುರುತು, ಎರಡನೆಯದು ಕ್ವಾಂಟಾದ್ದು. ಮುಚ್ಚಳದ ಮೇಲೆ ಹೊಳೆಯುವ ಹೆಸರು ಒಂದು, ಒಳಗಿನ ಬೋರ್ಡ್ ಕಟ್ಟಿದವರು ಮತ್ತೊಬ್ಬರು.

ಅಂದರೆ ಕೊಂಡ ವಸ್ತುವೇ ತನ್ನ ಬಗ್ಗೆ ಸಾಕಷ್ಟು ಹೇಳುತ್ತದೆ. ಆದರೂ ಅದನ್ನು ಕಟ್ಟಿದ ಕಾರ್ಖಾನೆಯೊಳಗೆ ಹೊರಗಿನವರಿಗೆ ಪ್ರವೇಶವಿಲ್ಲ, ಫೋಟೊ ತೆಗೆಯುವಂತಿಲ್ಲ, ಬೋರ್ಡ್‌ನ ಸರ್ಕ್ಯೂಟ್ ನಕ್ಷೆ ಕೇಳಿದರೆ ಸಿಗುವುದಿಲ್ಲ. ಇದಕ್ಕೆ ತಯಾರಕರು ಕೊಡುವ ಕಾರಣಗಳಲ್ಲಿ ಕೆಲವು ನಿಜಕ್ಕೂ ಗಟ್ಟಿಯಾದವು. ಇನ್ನು ಕೆಲವು ಆ ಗಟ್ಟಿ ಕಾರಣಗಳ ಮರೆಯಲ್ಲಿ ನುಸುಳಿಕೊಂಡವು. ಇವೆರಡನ್ನೂ ಒಂದೇ ಕಪಾಟಿನಲ್ಲಿಟ್ಟು ಬೀಗ ಹಾಕಿರುವುದೇ ಇಂದಿನ ಸಮಸ್ಯೆ.

ಹಂತಗಳು ಬಯಲು, ಅಂಕಿಗಳು ಗುಟ್ಟು

ಜೋಡಣೆಯ ಹಂತಗಳಲ್ಲಿ ರಹಸ್ಯವೇನೂ ಇಲ್ಲ. ಖಾಲಿ ಬೋರ್ಡ್ ಮೇಲೆ ಸೋಲ್ಡರ್ ಪೇಸ್ಟ್ (ಬೆಸುಗೆಯ ಅಂಟು) ಅಚ್ಚು ಹಾಕುತ್ತಾರೆ, ಕ್ಯಾಮೆರಾ ಅದರ ಎತ್ತರ ಮತ್ತು ಪ್ರಮಾಣ ಅಳೆಯುತ್ತದೆ, ಯಂತ್ರ ಬಿಡಿಭಾಗಗಳನ್ನು ಕೂರಿಸುತ್ತದೆ, ರಿಫ್ಲೋ ಓವನ್ ಬೆಸುಗೆ ಕರಗಿಸುತ್ತದೆ. ಆಮೇಲೆ ಕ್ಯಾಮೆರಾ ಮತ್ತು ಎಕ್ಸ್‌-ರೇ ತಪಾಸಣೆ, ನೂರಾರು ಸೂಜಿಮೊನೆಗಳ ಮೇಲೆ ಬೋರ್ಡ್ ಒತ್ತಿ ವಿದ್ಯುತ್ ಪರೀಕ್ಷೆ, ಫರ್ಮ್‌ವೇರ್ (ಯಂತ್ರದ ಚಿಪ್‌ನಲ್ಲೇ ಕೂರುವ ಮೂಲ ಪ್ರೋಗ್ರಾಂ) ತುಂಬುವುದು, ಕವಚದೊಳಗೆ ಜೋಡಿಸುವುದು, ಕೆಲವು ಗಂಟೆ ಓಡಿಸಿ ನೋಡುವುದು. ಇಷ್ಟು ಯಾವ ಎಂಜಿನಿಯರಿಂಗ್ ಪಠ್ಯದಲ್ಲೂ ಇದೆ. ಒಳ್ಳೆಯ ಬೆಸುಗೆ ನೋಡಲು ಹೇಗಿರಬೇಕು ಎಂದು ಹೇಳುವ ಐಪಿಸಿ-ಎ-610 ಮಾನದಂಡವನ್ನು ಯಾರು ಬೇಕಾದರೂ ಕೊಳ್ಳಬಹುದು. ಮುಚ್ಚಿಡುವುದು ಹಂತಗಳನ್ನಲ್ಲ, ಪ್ರತಿ ಹಂತದ ಹದವನ್ನು.

ಪೇಸ್ಟ್ ಅಚ್ಚು ಹಾಕುವ ಹಂತವನ್ನೇ ಹತ್ತಿರದಿಂದ ನೋಡೋಣ. ಪೇಸ್ಟ್ ಎಂದರೆ ಫ್ಲಕ್ಸ್‌ನಲ್ಲಿ, ಅಂದರೆ ಬೆಸುಗೆ ಹಿಡಿಯಲು ನೆರವಾಗುವ ದ್ರವದಲ್ಲಿ, ಕಲಸಿದ ಲೋಹದ ಪುಡಿ. ಹೆಚ್ಚಾಗಿ ಬಳಸುವ ಸೀಸರಹಿತ ಮಿಶ್ರಣದಲ್ಲಿ 96.5% ತವರ, 3% ಬೆಳ್ಳಿ, 0.5% ತಾಮ್ರ ಇರುತ್ತದೆ. ಟೈಪ್ 4 ಎಂದು ಕರೆಯುವ ಪುಡಿಯ ಕಣಗಳ ಗಾತ್ರ 20ರಿಂದ 38 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್). ಡಬ್ಬಿಯನ್ನು ಫ್ರಿಜ್‌ನಿಂದ ತೆಗೆದು, ಮುಚ್ಚಳ ತೆರೆಯದೆ, ಕೋಣೆಯ ಉಷ್ಣತೆಗೆ ಬರುವ ತನಕ ಕೆಲವು ಗಂಟೆ ಬಿಡಬೇಕು. ತಣ್ಣಗಿರುವಾಗಲೇ ತೆರೆದರೆ ಗಾಳಿಯ ತೇವ ಪೇಸ್ಟ್ ಮೇಲೆ ಹನಿಗಟ್ಟುತ್ತದೆ. ಓವನ್‌ನಲ್ಲಿ ಆ ನೀರು ಸಿಡಿದು ಬೆಸುಗೆಯ ಸಣ್ಣ ಗುಂಡುಗಳು ಬೋರ್ಡ್ ತುಂಬ ಚೆಲ್ಲುತ್ತವೆ. ಮುಂದೆ, ಸುಮಾರು 0.1 ಮಿಲಿಮೀಟರ್ ದಪ್ಪದ ಸ್ಟೀಲ್ ಸ್ಟೆನ್ಸಿಲ್‌ನ ಕಿಂಡಿಗಳ ಮೂಲಕ ಪೇಸ್ಟ್ ಬೋರ್ಡ್‌ಗೆ ಇಳಿಯಬೇಕು. ಕಿಂಡಿಯ ಬಾಯಿಯ ವಿಸ್ತೀರ್ಣವನ್ನು ಅದರ ಒಳಗೋಡೆಯ ವಿಸ್ತೀರ್ಣದಿಂದ ಭಾಗಿಸಿದಾಗ 0.66ಕ್ಕಿಂತ ಕಡಿಮೆ ಬಂದರೆ ಪೇಸ್ಟ್ ಗೋಡೆಗೇ ಅಂಟಿಕೊಂಡು ಅರ್ಧ ಮಾತ್ರ ಇಳಿಯುತ್ತದೆ. ಇಲ್ಲಿಯವರೆಗಿನದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಆದರೆ ಈ ಬೋರ್ಡ್‌ನ ಈ ಚಿಪ್‌ನ ಅಡಿಯಲ್ಲಿ ಕಿಂಡಿಯನ್ನು ಎಷ್ಟು ಕಿರಿದು ಮಾಡಬೇಕು, ಯಾವ ಮೂಲೆಯಲ್ಲಿ ಆಕಾರವನ್ನೇ ಬದಲಿಸಬೇಕು, ಪೇಸ್ಟ್ ಎಳೆಯುವ ಅಲಗಿನ ಒತ್ತಡ ಮತ್ತು ವೇಗ ಎಷ್ಟು, ಎಷ್ಟು ಬೋರ್ಡ್‌ಗೊಮ್ಮೆ ಸ್ಟೆನ್ಸಿಲ್‌ನ ಅಡಿ ಒರೆಸಬೇಕು? ಇವಕ್ಕೆ ಉತ್ತರ ಸಿಗುವುದು ಸಾವಿರಾರು ಬೋರ್ಡ್ ಕೆಡಿಸಿದ ಮೇಲೆ.

ಓವನ್ ಕಥೆಯೂ ಹೀಗೆಯೇ. ಈ ಮಿಶ್ರಣ 217 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಲು ಶುರುವಾಗುತ್ತದೆ. ಬೋರ್ಡ್ ಆ ಮಟ್ಟದ ಮೇಲೆ ಸುಮಾರು 45ರಿಂದ 90 ಸೆಕೆಂಡ್ ಇರಬೇಕು, ಗರಿಷ್ಠ ಉಷ್ಣತೆ 235ರಿಂದ 250 ಡಿಗ್ರಿಯೊಳಗೆ ನಿಲ್ಲಬೇಕು. ಮೊದಲು ಬಳಕೆಯಲ್ಲಿದ್ದ ಸೀಸ ಬೆರೆತ ಬೆಸುಗೆ 183 ಡಿಗ್ರಿಗೇ ಕರಗುತ್ತಿತ್ತು. 2006ರ ಜುಲೈ 1ರಂದು ಯುರೋಪಿನ ಸೀಸ ನಿರ್ಬಂಧ ಜಾರಿಗೆ ಬಂದಮೇಲೆ ಕರಗುವ ಮಟ್ಟಕ್ಕೂ ಗರಿಷ್ಠ ಮಿತಿಗೂ ನಡುವಿನ ಅಂತರ ಕುಗ್ಗಿ, ಎಡವಲು ಇದ್ದ ಅವಕಾಶ ತೀರಾ ಕಿರಿದಾಯಿತು. ಬೋರ್ಡ್ ಒಳಗೆ ದಪ್ಪ ತಾಮ್ರದ ಪದರವಿರುವ ಜಾಗ ಶಾಖ ಹೀರಿಕೊಂಡು ನಿಧಾನ ಕಾಯುತ್ತದೆ, ಅಂಚಿನ ಪುಟ್ಟ ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ ಬಿಡಿಭಾಗ) ಬೇಗ ಕಾಯುತ್ತದೆ. ಎರಡೂ ಒಂದೇ ಓವನ್‌ನಲ್ಲಿ, ಒಂದೇ ಬೆಲ್ಟ್ ಮೇಲೆ ಸರಿಯಾಗಿ ಬೇಯಬೇಕು. ಕೆಪಾಸಿಟರ್‌ನ ಒಂದು ತುದಿಯ ಬೆಸುಗೆ ಇನ್ನೊಂದಕ್ಕಿಂತ ಮೊದಲು ಕರಗಿದರೆ ಅದರ ಎಳೆತಕ್ಕೆ ಇಡೀ ಬಿಡಿಭಾಗ ಸಮಾಧಿಕಲ್ಲಿನಂತೆ ನೆಟ್ಟಗೆ ಎದ್ದು ನಿಲ್ಲುತ್ತದೆ. ದೊಡ್ಡ ಚಿಪ್ ಬಿಸಿಗೆ ಬಾಗಿದರೆ ಅದನ್ನು ಬೋರ್ಡ್‌ಗೆ ಕೂಡಿಸುವ, ಅಡಿಯಲ್ಲಿರುವ ಬೆಸುಗೆಯ ಗುಂಡು ಪೇಸ್ಟ್‌ನಿಂದ ಮೇಲೇಳುತ್ತದೆ. ತಣಿಯುವಾಗ ಮತ್ತೆ ಕೂತರೂ ಒಂದಾಗುವುದಿಲ್ಲ, ದಿಂಬಿನ ಮೇಲೆ ತಲೆಯಿಟ್ಟಂತೆ ಬರಿದೆ ತಾಗಿಕೊಂಡಿರುತ್ತದೆ. ಕೊನೆಯದೇ ಅತ್ಯಂತ ಕೆಟ್ಟದ್ದು. ಸಾಮಾನ್ಯ ಎಕ್ಸ್‌-ರೇಗೆ ಅದು ಸುಲಭವಾಗಿ ಸಿಗುವುದಿಲ್ಲ, ಪರೀಕ್ಷೆಯಲ್ಲೂ ಪಾಸಾಗುತ್ತದೆ, ಆರು ತಿಂಗಳ ನಂತರ ಗಿರಾಕಿಯ ಮೇಜಿನ ಮೇಲೆ ಕೈಕೊಡುತ್ತದೆ.

ಚಿಪ್‌ಗಳು ಗಾಳಿಯ ತೇವವನ್ನೂ ಹೀರುತ್ತವೆ. ಎಷ್ಟು ಬೇಗ ತೇವಕ್ಕೆ ಕೆಡುತ್ತವೆ ಎಂಬುದರ ಮೇಲೆ ಅವುಗಳನ್ನು ವಿಂಗಡಿಸುತ್ತಾರೆ. ಎಂಎಸ್‌ಎಲ್ 3 ವರ್ಗದ ಚಿಪ್‌ನ ತೇವ ತಡೆಯುವ ಚೀಲ ಒಡೆದ ಮೇಲೆ 168 ಗಂಟೆಯೊಳಗೆ ಓವನ್ ದಾಟಿಸಬೇಕು. ತಡವಾದರೆ ಒಳಗಿನ ತೇವ ಆವಿಯಾಗಿ ಚಿಪ್‌ನ ಪದರಗಳು ಬಿರಿಯುತ್ತವೆ.

ಇಷ್ಟು ಹದ ಕಾಯುವುದರ ಬೆಲೆ ಲೆಕ್ಕದಲ್ಲಿ ಕಾಣುತ್ತದೆ. ಒಂದು ಮದರ್‌ಬೋರ್ಡ್‌ನಲ್ಲಿ 5,000 ಬೆಸುಗೆಗಳಿವೆ ಎಂದುಕೊಳ್ಳಿ. ದಶಲಕ್ಷ ಬೆಸುಗೆಗೆ 50 ಮಾತ್ರ ಕೆಟ್ಟರೂ ಬೋರ್ಡ್‌ಗೆ ಸರಾಸರಿ 0.25 ದೋಷ. 100 ಬೋರ್ಡ್‌ಗಳಲ್ಲಿ ಸುಮಾರು 78 ಮಾತ್ರ ಮೊದಲ ಸಲಕ್ಕೇ ಸರಿಯಾಗಿ ಹೊರಬರುತ್ತವೆ. ಅದೇ ದಶಲಕ್ಷಕ್ಕೆ 10ಕ್ಕೆ ಇಳಿಸಿದ ಕಾರ್ಖಾನೆಯಲ್ಲಿ 95 ಬರುತ್ತವೆ. ದಿನಕ್ಕೆ 10,000 ಬೋರ್ಡ್ ಮಾಡುವಲ್ಲಿ ಒಬ್ಬರ ರಿಪೇರಿ ಮೇಜಿಗೆ 2,200 ಬೋರ್ಡ್ ಹೋದರೆ ಇನ್ನೊಬ್ಬರಲ್ಲಿ 500. ಗುತ್ತಿಗೆಯ ಮೇಲೆ ಕಂಪ್ಯೂಟರ್ ಕಟ್ಟಿಕೊಡುವ ಕಂಪನಿಗಳ ಲಾಭ ತೀರಾ ತೆಳುವಾದದ್ದು. ಅದು ಉಳಿಯುವುದೂ ಕರಗುವುದೂ ಈ ವ್ಯತ್ಯಾಸದಲ್ಲೇ. ಬಿಡಿಭಾಗ ಎಲ್ಲರಿಗೂ ಸಿಗುತ್ತದೆ, ಯಂತ್ರವೂ ಸಿಗುತ್ತದೆ. ಆ 2,200 ಅನ್ನು 500 ಮಾಡಿದ ಅಂಕಿಗಳ ಪಟ್ಟಿ ಮಾತ್ರ ಅಂಗಡಿಯಲ್ಲಿ ಸಿಗದು. ಇದನ್ನು ಮುಚ್ಚಿಟ್ಟುಕೊಳ್ಳುವ ಹಕ್ಕು ದುಡಿದು ಕಲಿತವರಿಗೆ ಇರಬೇಕಾದದ್ದೇ.

ಪೇಟೆಂಟ್ ಯಾಕೆ ಪಡೆಯುವುದಿಲ್ಲ?

ಪೇಟೆಂಟ್ ಒಂದು ಕೊಡು-ಕೊಳ್ಳು. ವಿಧಾನವನ್ನು ಲೋಕಕ್ಕೆ ಬರೆದು ತಿಳಿಸಬೇಕು, ಬದಲಿಗೆ 20 ವರ್ಷದ ರಕ್ಷಣೆ. ಹೊಸ ಕೀಲು, ಹೊಸ ಕನೆಕ್ಟರ್‌ಗೆ ಇದು ಸರಿಹೊಂದುತ್ತದೆ, ಏಕೆಂದರೆ ಕದ್ದವರ ಲ್ಯಾಪ್‌ಟಾಪ್ ಬಿಚ್ಚಿದರೆ ಕಳವು ಕಾಣುತ್ತದೆ. ಓವನ್‌ನ ಉಷ್ಣತೆಯ ರೇಖೆಯನ್ನು ಕದ್ದರೆ ಹೇಗೆ ಹಿಡಿಯುವುದು? ತಣಿದ ಬೆಸುಗೆಯನ್ನು ಸೂಕ್ಷ್ಮದರ್ಶಕದಲ್ಲಿ ಎಷ್ಟು ನೋಡಿದರೂ ಅದು ಯಾರ ರೇಖೆಯಲ್ಲಿ ಕರಗಿತು ಎಂದು ಸಾಬೀತು ಮಾಡುವುದು ಕಷ್ಟ. ಹಾಗಾಗಿ ಬಿಚ್ಚಿ ನೋಡಬಹುದಾದದ್ದಕ್ಕೆ ಪೇಟೆಂಟ್, ಬಿಚ್ಚಿದರೂ ಕಾಣದ್ದಕ್ಕೆ ವ್ಯಾಪಾರ ರಹಸ್ಯ ಎಂಬುದು ಈ ಉದ್ಯಮದ ನಡೆ.

ವ್ಯಾಪಾರ ರಹಸ್ಯಕ್ಕೆ ಕಾಲಮಿತಿಯಿಲ್ಲ, ಆದರೆ ಷರತ್ತಿದೆ. ಬೌದ್ಧಿಕ ಆಸ್ತಿಯ ಕುರಿತ ಅಂತರರಾಷ್ಟ್ರೀಯ ಟ್ರಿಪ್ಸ್ ಒಪ್ಪಂದದ 39ನೇ ವಿಧಿಯ ಪ್ರಕಾರ ಆ ಮಾಹಿತಿ ಗುಟ್ಟಾಗಿರಬೇಕು, ಗುಟ್ಟಾಗಿರುವುದರಿಂದಲೇ ಅದಕ್ಕೆ ವಾಣಿಜ್ಯ ಮೌಲ್ಯ ಇರಬೇಕು, ಗುಟ್ಟು ಕಾಯಲು ಸೂಕ್ತ ಕ್ರಮ ಕೈಗೊಂಡಿರಬೇಕು. ಈ ಮೂರನೆಯದೇ ಕಾರ್ಖಾನೆಯ ಬಾಗಿಲಲ್ಲಿ ನಮಗೆ ಕಾಣುವುದು. ಫೋನ್ ಹೊರಗಿಡಿಸುವುದು, ಲೋಹಶೋಧಕ ದಾಟಿಸುವುದು, ಸಹಿ ಹಾಕಿಸಿಕೊಳ್ಳುವುದು ಬರೀ ಅನುಮಾನದ ಬುದ್ಧಿಯಲ್ಲ. ನಾಳೆ ಕಳವಾಯಿತೆಂದು ನ್ಯಾಯಾಲಯಕ್ಕೆ ಹೋದರೆ ‘ಕಾಯಲು ನೀವೇನು ಮಾಡಿದ್ದಿರಿ’ ಎಂಬ ಪ್ರಶ್ನೆ ಬರುತ್ತದೆ. ಒಮ್ಮೆ ಸಡಿಲಬಿಟ್ಟರೆ ಕಾನೂನಿನ ರಕ್ಷಣೆಯೇ ಸಡಿಲಾಗುತ್ತದೆ. ಈ ಭಯದಿಂದ ಕಂಪನಿಗಳ ವಕೀಲರು ಮುಖ್ಯವಾದದ್ದು, ಅಲ್ಲದ್ದು ಎಂದು ಬೇರ್ಪಡಿಸುವ ಗೋಜಿಗೇ ಹೋಗದೆ ಎಲ್ಲ ಕಾಗದದ ಮೇಲೂ ‘ಗೌಪ್ಯ’ ಮುದ್ರೆ ಒತ್ತಿಸುತ್ತಾರೆ.

ಮೊದಲು ಹೀಗಿರಲಿಲ್ಲ

ಆಪಲ್ 2 ಕಂಪ್ಯೂಟರ್‌ಗೆ 1978ರಲ್ಲಿ ಬಂದ ಕೈಪಿಡಿಯಲ್ಲಿ ಸರ್ಕ್ಯೂಟ್ ನಕ್ಷೆಯೂ ಇತ್ತು, ಯಂತ್ರವನ್ನು ನಡೆಸುವ ‘ಮಾನಿಟರ್’ ಎಂಬ ಮೂಲ ಪ್ರೋಗ್ರಾಂನ ಪೂರ್ಣ ಕೋಡ್ ಪಟ್ಟಿಯೂ ಇತ್ತು. 1981ರ ಆಗಸ್ಟ್‌ನಲ್ಲಿ ಐಬಿಎಂ ಪಿಸಿ ಬಂದಾಗ ಅದರ ತಾಂತ್ರಿಕ ಕೈಪಿಡಿ ಕೊಂಡವರಿಗೆ ನಕ್ಷೆಗಳ ಜೊತೆಗೆ, ಯಂತ್ರವನ್ನು ಶುರುಮಾಡುವ ಬಯೋಸ್ ಎಂಬ ಪ್ರೋಗ್ರಾಂನ ಮೂಲ ಕೋಡ್ ಕೂಡ ಸಿಗುತ್ತಿತ್ತು. ಬಿಡಿಭಾಗಗಳೂ ಮಾರುಕಟ್ಟೆಯಲ್ಲಿ ಸಿಗುವಂಥವೇ. ನಕಲು ಮಾಡಲು ಅಡ್ಡಿಯಿದ್ದದ್ದು ಬಯೋಸ್‌ನ ಕೃತಿಸ್ವಾಮ್ಯ ಒಂದೇ. ಕಾಂಪ್ಯಾಕ್ ಕಂಪನಿ ಆ ಕೋಡ್ ಏನು ಮಾಡುತ್ತದೆ ಎಂದು ಒಂದು ತಂಡದಿಂದ ಬರೆಸಿ, ಮೂಲ ಕೋಡ್ ಕಣ್ಣಲ್ಲೂ ಕಾಣದ ಇನ್ನೊಂದು ತಂಡದಿಂದ ಹೊಸದಾಗಿ ಬರೆಯಿಸಿತು. 1982ರ ಕೊನೆಗೆ ಅದರ ಯಂತ್ರ ಪ್ರಕಟವಾಯಿತು. ಕೆಲವೇ ವರ್ಷಗಳಲ್ಲಿ ಪಿಸಿ ಎಂಬುದು ಐಬಿಎಂ ಕೈಯಿಂದ ಜಾರಿ ಎಲ್ಲರದ್ದಾಯಿತು. 1987ರಲ್ಲಿ ಐಬಿಎಂ ತನ್ನ ಹೊಸ ಪಿಎಸ್/2 ಕಂಪ್ಯೂಟರ್ ಜೊತೆ, ಕಾರ್ಡ್‌ಗಳನ್ನು ಜೋಡಿಸುವ ಮೈಕ್ರೋ ಚಾನೆಲ್ ಎಂಬ ಹೊಸ ವ್ಯವಸ್ಥೆ ತಂದು, ಲೈಸೆನ್ಸ್ ಶುಲ್ಕದ ಬೇಲಿ ಹಾಕಿದರೂ ಫಲ ಸಿಗಲಿಲ್ಲ.

ಈ ಘಟನೆಯನ್ನು ಜಗತ್ತು ಓದಿದ್ದು ಒಂದು ರೀತಿ, ಕಂಪನಿಗಳು ಓದಿದ್ದು ಇನ್ನೊಂದು ರೀತಿ. ತೆರೆದ ನಕ್ಷೆಯಿಂದ ಕಂಪ್ಯೂಟರ್ ಅಗ್ಗವಾಗಿ ಮನೆಮನೆಗೆ ಬಂತು. ತೆರೆದಿಟ್ಟವರಿಗೆ ಮಾತ್ರ ಮಾರುಕಟ್ಟೆ ಕೈತಪ್ಪಿತು. ಕೈಪಿಡಿಯಲ್ಲಿ ನಕ್ಷೆ ಅಚ್ಚು ಮಾಡುವ ಪದ್ಧತಿ ನಿಂತುಹೋದದ್ದರ ಹಿಂದೆ ಈ ಪಾಠ ದೊಡ್ಡದಾಗಿದೆ.

ಒಂದೇ ಸೂರು, ಇಬ್ಬರು ಪೈಪೋಟಿದಾರರು

ಕ್ವಾಂಟಾ, ಕಾಂಪಾಲ್, ವಿಸ್ಟ್ರಾನ್, ಇನ್ವೆಂಟೆಕ್, ಪೆಗಾಟ್ರಾನ್, ಫಾಕ್ಸ್‌ಕಾನ್. ಲ್ಯಾಪ್‌ಟಾಪ್ ಕೊಳ್ಳುವವರ ಬಾಯಲ್ಲಿ ಈ ಹೆಸರುಗಳು ಬರುವುದೇ ಇಲ್ಲ, ಆದರೆ ಲೋಕದ ಬಹುಪಾಲು ಲ್ಯಾಪ್‌ಟಾಪ್ ಕಟ್ಟುವವರು ಇಂಥ ಕೆಲವೇ ಕಂಪನಿಗಳು. ಅಂಗಡಿಯಲ್ಲಿ ಪರಸ್ಪರ ಸೆಣಸುವ ಎರಡು ಬ್ರ್ಯಾಂಡ್‌ಗಳ ಯಂತ್ರಗಳನ್ನು ಒಂದೇ ಕಂಪನಿ ಕಟ್ಟುವುದುಂಟು. ಒಬ್ಬರ ಹೊಸ ಮಾದರಿ ಯಾವಾಗ ಬರುತ್ತದೆ, ಪರದೆಗೆ ಎಷ್ಟು ಕೊಟ್ಟರು, ಎಷ್ಟು ಸಾವಿರಕ್ಕೆ ಆರ್ಡರ್ ಹಾಕಿದರು ಎಂಬುದು ಇನ್ನೊಬ್ಬರಿಗೆ ತಿಳಿಯಬಾರದು. ಅದಕ್ಕೇ ಮಾದರಿಗಳಿಗೆ ಗುಪ್ತನಾಮ, ಪ್ರತ್ಯೇಕ ಮಹಡಿ, ಪ್ರತ್ಯೇಕ ಪಾಸ್. ಇಲ್ಲಿ ಗುಟ್ಟು ಕಟ್ಟುವವರದ್ದಲ್ಲ, ಕಟ್ಟಿಸುವವರದ್ದು. ಕಟ್ಟುವವರು ಬಾಯಿಬಿಟ್ಟರೆ ಮುಂದಿನ ಆರ್ಡರ್ ಹೋಗುತ್ತದೆ.

ಇದೇ ಮರೆಯಲ್ಲಿ ಇನ್ನೊಂದು ಪದ್ಧತಿ ನಡೆಯುತ್ತದೆ. ಒಂದೇ ಮಾದರಿಯ ಹೆಸರಿನಲ್ಲಿ ಎರಡು ಮೂರು ಕಂಪನಿಗಳ ಪರದೆ, ಎಸ್‌ಎಸ್‌ಡಿ, ವೈಫೈ ಕಾರ್ಡ್ ಬಳಸುತ್ತಾರೆ. ಪೂರೈಕೆ ನಿಲ್ಲದಿರಲು ಅದು ಬೇಕು, ತಪ್ಪಲ್ಲ. ಆದರೆ ವಿಮರ್ಶಕರ ಕೈಗೆ ಬಂದದ್ದು ಒಳ್ಳೆಯ ಪರದೆ, ಗಿರಾಕಿಗೆ ಹೋದದ್ದು ಸಾಧಾರಣ ಪರದೆ ಎಂದಾದಾಗ, ಪೆಟ್ಟಿಗೆಯ ಮೇಲೆ ಅದನ್ನು ಬರೆಯದಿರುವುದಕ್ಕೆ ವ್ಯಾಪಾರ ರಹಸ್ಯ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ.

ಭದ್ರತೆಯ ಮಾತು

ಜೋಡಣೆಯ ಕೊನೆಯ ಕೆಲಸ ಸ್ಕ್ರೂ ಬಿಗಿಯುವುದಲ್ಲ, ಬೀಗ ಹಾಕುವುದು. ಸೀರಿಯಲ್ ನಂಬರ್, ನೆಟ್‌ವರ್ಕ್ ವಿಳಾಸ ಬರೆದಾದ ಮೇಲೆ, ಇಂಟೆಲ್ ಬೂಟ್ ಗಾರ್ಡ್ (ಫರ್ಮ್‌ವೇರ್ ಅಸಲಿಯೇ ಎಂದು ಶುರುವಿನಲ್ಲೇ ನೋಡುವ ವ್ಯವಸ್ಥೆ) ಬಳಸುವ ಯಂತ್ರಗಳಲ್ಲಿ ತಯಾರಕರ ಡಿಜಿಟಲ್ ಕೀಲಿಯ ಗುರುತನ್ನು ಚಿಪ್‌ಸೆಟ್‌ನ ಫ್ಯೂಸ್‌ಗಳಲ್ಲಿ ಶಾಶ್ವತವಾಗಿ ಸುಟ್ಟು ಬರೆಯುತ್ತಾರೆ. ಆಮೇಲೆ ಆ ಕೀಲಿಯಿಂದ ಸಹಿಯಾದ ಫರ್ಮ್‌ವೇರ್ ಮಾತ್ರ ಓಡುತ್ತದೆ. ಕೀಲಿ ಹೊರಬಿದ್ದರೆ ಫ್ಯೂಸ್ ಮತ್ತೆ ಬರೆಯಲು ಬರುವುದಿಲ್ಲ. 2023ರಲ್ಲಿ ಕಂಪ್ಯೂಟರ್ ತಯಾರಿಸುವ ಎಂಎಸ್‌ಐ ಕಂಪನಿಯ ಮೇಲೆ ನಡೆದ ಸೈಬರ್ ದಾಳಿಯ ನಂತರ ಇಂಥ ಖಾಸಗಿ ಕೀಲಿಗಳು ಬಯಲಾದಾಗ ಆತಂಕ ಹುಟ್ಟಿದ್ದು ಇದಕ್ಕೇ. ಕೀಲಿಗಳನ್ನು ಮುಚ್ಚಿಡಬೇಕು ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಕೀಲಿ ಮುಚ್ಚಿಡುವುದು ಬೇರೆ, ಬೀಗ ಹಾಕುವ ವಿಧಾನವನ್ನೇ ಮುಚ್ಚಿಡುವುದು ಬೇರೆ. ಇಂಟೆಲ್ ಚಿಪ್‌ಸೆಟ್‌ಗಳಲ್ಲಿ ‘ಮ್ಯಾನುಫ್ಯಾಕ್ಚರಿಂಗ್ ಮೋಡ್’ ಎಂಬ ಸ್ಥಿತಿಯಿದೆ. ಕಾರ್ಖಾನೆಯಲ್ಲಿ ಸೆಟ್ಟಿಂಗ್ ಬರೆಯಲು ಅದು ತೆರೆದಿರುತ್ತದೆ, ಸಾಗಿಸುವ ಮೊದಲು ಮುಚ್ಚಬೇಕು. 2018ರಲ್ಲಿ ಪಾಸಿಟಿವ್ ಟೆಕ್ನಾಲಜೀಸ್ ಎಂಬ ಸೈಬರ್ ಭದ್ರತಾ ಕಂಪನಿಯ ಸಂಶೋಧಕರು ಕೆಲವು ಆಪಲ್ ಲ್ಯಾಪ್‌ಟಾಪ್‌ಗಳಲ್ಲಿ ಅದು ತೆರೆದೇ ಉಳಿದಿರುವುದನ್ನು ಕಂಡುಹಿಡಿದರು, ಆಪಲ್ ಅಪ್‌ಡೇಟ್ ಮೂಲಕ ಸರಿಪಡಿಸಿತು. ಆ ಸ್ಥಿತಿಯ ವಿವರ ಸಾರ್ವಜನಿಕ ದಾಖಲೆಗಳಲ್ಲಿ ಇರದಿದ್ದ ಕಾರಣ, ತನ್ನ ಯಂತ್ರ ಮುಚ್ಚಿದೆಯೋ ಇಲ್ಲವೋ ಎಂದು ಪರೀಕ್ಷಿಸುವ ದಾರಿಯೇ ಸಾಮಾನ್ಯ ಬಳಕೆದಾರರಿಗೆ ಇರಲಿಲ್ಲ. ಗೌಪ್ಯತೆ ಇಲ್ಲಿ ಕಾಪಾಡಿದ್ದು ತಪ್ಪನ್ನೇ ಹೊರತು ಬಳಕೆದಾರರನ್ನಲ್ಲ.

ಬೆಲೆ ತೆರುವವರು

ಎಕ್ಸ್‌ಬಾಕ್ಸ್ 360 ಹೆಸರಿಗೆ ಗೇಮಿಂಗ್ ಯಂತ್ರ, ಒಳಗೆ ಅಪ್ಪಟ ಕಂಪ್ಯೂಟರ್. ಅದು ಕೆಂಪು ದೀಪ ತೋರಿಸಿ ಸಾಯಲು ಶುರುವಾದಾಗ 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ವಾರಂಟಿಯನ್ನು 3 ವರ್ಷಕ್ಕೆ ಏರಿಸಿ 100 ಕೋಟಿ ಡಾಲರ್‌ಗೂ ಹೆಚ್ಚು ಹಣ ಎತ್ತಿಟ್ಟಿತು. ಏನು ಕೆಟ್ಟಿತ್ತು ಎಂಬ ತಾಂತ್ರಿಕ ವಿವರವನ್ನು ಮಾತ್ರ ಆಗ ಹೇಳಲಿಲ್ಲ. ಗೊತ್ತಿಲ್ಲದ ಜನ ಯಂತ್ರಕ್ಕೆ ಟವೆಲ್ ಸುತ್ತಿ ಬಿಸಿಯೇರಿಸಿದರು, ರಿಪೇರಿಯವರು ಬಿಸಿಗಾಳಿ ಊದಿ ಬೋರ್ಡ್ ಮೇಲಿನ ಬೆಸುಗೆ ಮತ್ತೆ ಕರಗಿಸಿದರು. ಕೆಲವು ಯಂತ್ರ ತಾತ್ಕಾಲಿಕವಾಗಿ ಎದ್ದು ಮತ್ತೆ ಮಲಗಿದವು. ಚಿಪ್‌ನ ಪ್ಯಾಕೇಜ್ ಒಳಗಿನ ಸೂಕ್ಷ್ಮ ಸಂಪರ್ಕಗಳು ಬಿಸಿ-ತಂಪಿನ ಎಳೆದಾಟಕ್ಕೆ ಮುರಿಯುತ್ತಿದ್ದವು ಎಂದು ಕಂಪನಿಯ ಕಡೆಯಿಂದ ಬಹಿರಂಗವಾಗಿ ಬಂದದ್ದು 2021ರಲ್ಲಿ. ಹದಿನಾಲ್ಕು ವರ್ಷ ಜನ ತಪ್ಪು ಜಾಗಕ್ಕೆ ಮದ್ದು ಹಚ್ಚಿದರು.

ಕಾರ್ಖಾನೆಯೊಳಗಿನವರು ತೆತ್ತ ಬೆಲೆ ಇದಕ್ಕಿಂತ ಘೋರ. ಚೀನಾದ ಸುಝೌನಲ್ಲಿ ಆಪಲ್‌ಗೆ ಟಚ್‌ಸ್ಕ್ರೀನ್ ಪೂರೈಸುತ್ತಿದ್ದ ವಿನ್‌ಟೆಕ್ ಕಾರ್ಖಾನೆಯಲ್ಲಿ ಪರದೆ ಒರೆಸಲು ಎನ್-ಹೆಕ್ಸೇನ್ ಬಳಸಿದರು. ಆಲ್ಕೋಹಾಲ್‌ಗಿಂತ ಅದು ಬೇಗ ಆರುತ್ತದೆ, ಪ್ರತಿ ಪರದೆಗೆ ಕೆಲವು ಸೆಕೆಂಡ್ ಉಳಿತಾಯ. ಆದರೆ ಗಾಳಿಯಾಡದ ಕೋಣೆಯಲ್ಲಿ ಅದರ ಆವಿ ನರಗಳನ್ನು ಕೆಡಿಸುತ್ತದೆ. ಕಾರ್ಮಿಕರ ಕೈಕಾಲು ಜೋಮು ಹಿಡಿದು ನಡೆಯಲಾಗದ ಸ್ಥಿತಿ ಬಂತು. 137 ಕಾರ್ಮಿಕರು ಬಾಧಿತರಾದರೆಂದು ಆಪಲ್ 2011ರ ತನ್ನ ವರದಿಯಲ್ಲಿ ಒಪ್ಪಿಕೊಂಡಿತು, 2014ರಲ್ಲಿ ಅಂತಿಮ ಜೋಡಣೆಯಲ್ಲಿ ಬೆಂಜೀನ್ ಮತ್ತು ಎನ್-ಹೆಕ್ಸೇನ್ ಬಳಕೆ ನಿಷೇಧಿಸಿತು. ಒರೆಸುವ ದ್ರವ ಯಾವುದು ಎಂಬುದು ಜೋಡಣೆಯ ವಿವರವೇ. ಅದನ್ನು ಉಸಿರಾಡುವವರಿಂದ ಮುಚ್ಚಿಡುವ ಹಕ್ಕು ಯಾರಿಗೂ ಇಲ್ಲ.

ನಿತ್ಯದ ನಷ್ಟ ಕಾಣುವುದು ರಿಪೇರಿ ಮೇಜಿನ ಮೇಲೆ. ಚಾರ್ಜರ್ ಚುಚ್ಚಿದರೂ ಏಳದ ಲ್ಯಾಪ್‌ಟಾಪ್ ಬರುತ್ತದೆ. 19 ವೋಲ್ಟ್‌ನ ಮುಖ್ಯ ವಿದ್ಯುತ್ ದಾರಿ ಗ್ರೌಂಡ್‌ಗೆ ಶಾರ್ಟ್ ಆಗಿದೆ ಎಂದು ಮೀಟರ್ ಹೇಳುತ್ತದೆ. ಆ ದಾರಿಗೆ ತಾಗಿಕೊಂಡ ಸಿರಾಮಿಕ್ ಕೆಪಾಸಿಟರ್‌ಗಳು ಹತ್ತಾರು, ಕೆಟ್ಟಿರುವುದು ಒಂದು. ಸರ್ಕ್ಯೂಟ್ ನಕ್ಷೆ ಮತ್ತು ಪ್ರತಿ ಭಾಗ ಎಲ್ಲಿದೆ ಎಂದು ತೋರಿಸುವ ಬೋರ್ಡ್‌ವ್ಯೂ ಫೈಲ್ ಇದ್ದರೆ ಆ ದಾರಿಯ ಮೇಲಿರುವುದೇನು, ಎಷ್ಟು ವೋಲ್ಟ್ ತಡೆಯುತ್ತದೆ ಎಂದು ಗೊತ್ತಾಗುತ್ತದೆ. 1 ವೋಲ್ಟ್‌ನಷ್ಟು ಕಡಿಮೆ ಒತ್ತಡದಲ್ಲಿ ಕರೆಂಟ್ ಹರಿಸಿ, ಬೋರ್ಡ್ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿದರೆ ಶಾರ್ಟ್ ಆದ ಕೆಪಾಸಿಟರ್ ಬಿಸಿಯಾಗಿ ಅದರ ಸುತ್ತ ಮೊದಲು ಆರುತ್ತದೆ. ಅದನ್ನು ತೆಗೆದು ಹೊಸದು ಹಾಕಿದರೆ ಆಯಿತು. ನಕ್ಷೆ ಇಲ್ಲದಿದ್ದರೆ ಆ ದಾರಿ ಯಾವ ಚಿಪ್‌ಗೆ ಹೋಗುತ್ತದೆಂದು ತಿಳಿಯದೆ ಒತ್ತಡ ಹೆಚ್ಚಾಗಿ, ಚೆನ್ನಾಗಿದ್ದ ಪ್ರೊಸೆಸರ್ ಸುಡುವ ಅಪಾಯವಿದೆ. ಅಧಿಕೃತ ಸೇವಾಕೇಂದ್ರದ ಉತ್ತರವಂತೂ ಇಡೀ ಮದರ್‌ಬೋರ್ಡ್ ಬದಲಾವಣೆ. ಹಾಗಾಗಿ ಲೋಕದೆಲ್ಲೆಡೆ ರಿಪೇರಿಯವರು ಸೋರಿ ಬಂದ, ‘ಗೌಪ್ಯ’ ಎಂದು ಅಚ್ಚಾದ ನಕ್ಷೆಗಳನ್ನೇ ನೆಚ್ಚಿಕೊಂಡಿದ್ದಾರೆ. ಬೇಕೆಂದೇ ನಕಲು ಮಾಡುವ ಪೈಪೋಟಿದಾರರಿಗೆ ಬೋರ್ಡ್ ಪದರ ಪದರವಾಗಿ ಉಜ್ಜಿ ನಕ್ಷೆ ಬಿಡಿಸುವ ಶಕ್ತಿಯಿದೆ. ಈ ಗುಟ್ಟು ನಿಜವಾಗಿ ತಡೆಯುವುದು ಕೊಂಡವರನ್ನು ಮಾತ್ರ.

ತೆರೆದರೆ ಮುಳುಗುತ್ತೇವೆ ಎಂಬ ವಾದಕ್ಕೆ ಎದುರುತ್ತರಗಳೂ ಇವೆ. ಫ್ರೇಮ್‌ವರ್ಕ್ ಕಂಪನಿ ತನ್ನ ಲ್ಯಾಪ್‌ಟಾಪ್ ಬೋರ್ಡ್‌ನ ಅಳತೆ ಮತ್ತು ಕನೆಕ್ಟರ್ ವಿವರ ಪ್ರಕಟಿಸುತ್ತದೆ. ಪುಟ್ಟ ಅಗ್ಗದ ಕಂಪ್ಯೂಟರ್ ಬೋರ್ಡ್ ಮಾಡುವ ರಾಸ್ಪ್‌ಬೆರಿ ಪೈ ಕಂಪನಿ ಪೂರ್ಣ ನಕ್ಷೆ ಕೊಡದಿದ್ದರೂ ಅನೇಕ ಮಾದರಿಗಳ ಸಂಕ್ಷಿಪ್ತ ನಕ್ಷೆ ಕೊಡುತ್ತದೆ. ಕಾಲುಗಳಿರುವ ದೊಡ್ಡ ಕನೆಕ್ಟರ್‌ಗಳನ್ನು ಬೇರೆಯಾಗಿ ಬೆಸೆಯುವ ಬದಲು ಉಳಿದ ಭಾಗಗಳ ಜೊತೆ ಒಂದೇ ಸಲ ರಿಫ್ಲೋ ಓವನ್‌ನಲ್ಲಿ ಬೆಸೆಯುವ ವಿಧಾನಕ್ಕೆ ಬದಲಾದಾಗ, ಹೇಗೆ ಮಾಡಿದೆವು, ಮರಳಿ ಬರುವ ಬೋರ್ಡ್‌ಗಳು ಹೇಗೆ ಅರ್ಧಕ್ಕಿಳಿದವು ಎಂದು ರಾಸ್ಪ್‌ಬೆರಿ ಪೈ ಕಂಪನಿಯೇ ಬರೆದು ಹಂಚಿಕೊಂಡಿತು.

ಕಾನೂನು ನಿಧಾನವಾಗಿ ಬೆನ್ನು ಹತ್ತುತ್ತಿದೆ. 2022ರ ಡಿಸೆಂಬರ್‌ನಲ್ಲಿ ಸಹಿಯಾದ ನ್ಯೂಯಾರ್ಕ್ ಕಾಯಿದೆ ಕೈಪಿಡಿ, ಬಿಡಿಭಾಗ, ಉಪಕರಣಗಳನ್ನು ಸ್ವತಂತ್ರ ರಿಪೇರಿಯವರಿಗೂ ಕೊಡಬೇಕೆನ್ನುತ್ತದೆ. ಆದರೆ ಗಾಯದ ಅಪಾಯವಿದೆ ಎಂದರೆ ಬಿಡಿ ಭಾಗದ ಬದಲು ಇಡೀ ಜೋಡಣೆಯನ್ನೇ ಮಾರಲು ಬಿಡುತ್ತದೆ. ಅಮೆರಿಕದ ಒರೆಗಾನ್ ರಾಜ್ಯ 2024ರಲ್ಲಿ ಬಿಡಿಭಾಗಗಳನ್ನು ಸಾಫ್ಟ್‌ವೇರ್ ಮೂಲಕ ಒಂದೇ ಯಂತ್ರಕ್ಕೆ ಕಟ್ಟಿಹಾಕಿ ರಿಪೇರಿ ತಡೆಯುವುದನ್ನು ನಿರ್ಬಂಧಿಸಿತು. ಯುರೋಪಿನ 2024ರ ರಿಪೇರಿ ನಿರ್ದೇಶನವನ್ನು ಸದಸ್ಯ ರಾಷ್ಟ್ರಗಳು ಜಾರಿಗೆ ತರಲು ಕೊಟ್ಟ ಗಡುವು 2026ರ ಜುಲೈ 31. ಅದು ಒಪ್ಪಿತವಾದಾಗ ಕಡ್ಡಾಯ ರಿಪೇರಿಯ ಪಟ್ಟಿಯಲ್ಲಿ ವಾಷಿಂಗ್ ಮಷಿನ್ ಇತ್ತು, ಫೋನ್ ಮತ್ತು ಟ್ಯಾಬ್ಲೆಟ್ ಇದ್ದವು, ಸರ್ವರ್ ಕೂಡ ಇತ್ತು. ಲ್ಯಾಪ್‌ಟಾಪ್ ಇರಲಿಲ್ಲ.